ಮುಂದಿನ ಗಾಜಿಗೆ ಮಾತ್ರ ಚಳಿ

ಬಾಟಲಿಯ ನೀರನ್ನು ಕಾರಿನ ಮುಂದಿನ ಗಾಜಿನ ಮೇಲೆ ಸುರಿದೆ. ಹೆಪ್ಪುಗಟ್ಟಲಿ ಎಂದು ಕಾದೆ. ಕಟ್ಟಲಿಲ್ಲ. ಇನ್ನೊಂದು ಬಾಟಲಿ ಸುರಿದೆ. ಕೈಗವಸು ನೆನೆಯಿತು. ಬೆರಳುಗಳು ಬೇರೆ ಯಾರವೋ ಅನ್ನಿಸತೊಡಗಿದವು.

"ಬಂ... ಬಂದ್ನಾ?" ಹಿಂದಿನ ಸೀಟಿನ ಸಂದಿಯಲ್ಲಿ ಕಂಬಳಿ ಹೊದ್ದು ಮುದುಡಿದ್ದ ನನ್ನ ಮಗಳು ಜೊನೆಲ್ ಕೇಳಿದಳು.

"ಇನ್ನೂ ಇಲ್ಲ. ಬಗ್ಗಿಕೊಂಡೇ ಒಳಗೆ ಹೋಗು. ಅಡುಗೆಮನೆ ಬಾಗಿಲಿಂದ."

"ಆಕಳಿಸ್ಬೇಕಾ?"

"ಈಗಲ್ಲ. ಆಮೇಲೆ, ಮುಂಬಾಗಿಲಿಂದ ಹೊರಗೆ ಬರೋವಾಗ."

"ನಂಗೆ ನಿಜವಾದ್ದೇ ಬರ್ತಿದೆ. ಈ... ಈಗ್ಲೇ."

"ನುಂಗ್ಕೋ."

ಹತ್ತು ವರ್ಷದ ಹುಡುಗಿ ಬಗ್ಗಿ, ಗೋಡೆಯ ನೆರಳು ಹಿಡಿದು, ಹಿಮದ ಮೇಲೆ ಓಡಿದಳು. ಅವಳು ಏನನ್ನೂ ಕದ್ದಿರಲಿಲ್ಲ. ಶಾಲೆಗೆ ಹೊರಟಿದ್ದಳು.

ವಿಂಡ್‌ರಿಜ್‌ನಲ್ಲಿ ಜನವರಿ ರಾತ್ರಿ ಹೊರಗೆ ನಿಂತ ಕಾರಿನ ಗಾಜಿಗೆ ಬೆಳಗಾಗುವಷ್ಟರಲ್ಲಿ ಬಿಳಿ ಪೊರೆ ಕಟ್ಟಿರುತ್ತದೆ. ಬೆಳಗ್ಗೆ ಬೇರೆ ಊರಿಂದ ಓಡಿಸಿಕೊಂಡು ಬಂದ ಕಾರಿಗೆ ಇರುವುದಿಲ್ಲ. ಶಾಲಾ ಮಂಡಳಿ ಸಂಬಳ ಕೊಟ್ಟು ಇಟ್ಟುಕೊಂಡ ಒಬ್ಬ ಮನುಷ್ಯ ಬೂದು ಕಾರಿನಲ್ಲಿ ಬೀದಿ ಬೀದಿ ಸುತ್ತಿ ಇದನ್ನೇ ನೋಡುತ್ತಾನೆ ಎಂದು ಪಕ್ಕದ ಬೀದಿಯಲ್ಲಿ ಮನೆಗೆಲಸ ಮಾಡುವ ಓಡೆಸ್ಸಾ ಹೇಳಿದ್ದಳು. ಅವಳ ಅಕ್ಕನ ಮಗನನ್ನು ಹಾಗೆಯೇ ಹಿಡಿದಿದ್ದರು. ಹಿಡಿದ ಮೇಲೆ ಪೆನ್ಸಿಲ್ ಡಬ್ಬಿ ತೆಗೆದುಕೊಳ್ಳುವುದಕ್ಕೂ ಅವನನ್ನು ತರಗತಿಗೆ ಬಿಡಲಿಲ್ಲವಂತೆ. ಫೋನು ಮಾಡಿ ಚಾಡಿ ಹೇಳಿದವರಿಗೆ ಬಹುಮಾನವೂ ಇತ್ತು. ನಮ್ಮ ಮೇಲೆ ಯಾರು ಹೇಳಿದರೋ ಗೊತ್ತಿಲ್ಲ. ಬೂದು ಕಾರು ಹಿಂದಿನ ದಿನ ಎರಡು ಸಲ, ನಾನು ಕೆಲಸ ಮಾಡುವ ಈ ಮನೆಯ ಮುಂದೆ ನಿಧಾನ ಮಾಡಿತ್ತು.

ನಮ್ಮ ಮನೆ ಹಳ್ಳದ ಆಚೆ, ಮಿಲ್‌ಸೈಡಿನಲ್ಲಿ. ಬೇಸಿಗೆಯಲ್ಲಿ ಮಕ್ಕಳು ಹಾರಿ ದಾಟುವ ಹಳ್ಳ. ಈ ದಡದ ಮನೆಗಳ ಕಂದಾಯ ಈ ದಡದ ಶಾಲೆಗೆ, ಆ ದಡದ್ದು ಆ ದಡದ ಶಾಲೆಗೆ. ಮಕ್ಕಳೂ ತಮ್ಮ ದಡದ ಶಾಲೆಗೇ ಹೋಗಬೇಕು. ಮಿಲ್ಲು ಮುಚ್ಚಿದ ಮೇಲೆ ನಮ್ಮ ಕಡೆ ಮನೆಗಳ ಬೆಲೆ ಬಿತ್ತು. ಅದರ ಹಿಂದೆಯೇ ಶಾಲೆಯೂ ಬಿತ್ತು. ಮೊದಲು ಸಂಗೀತ ಹೋಯಿತು. ಆಮೇಲೆ ಲೈಬ್ರರಿಗೆ ಬೀಗ ಬಿತ್ತು. ಮಕ್ಕಳು ಕೋಟು ಹಾಕಿಕೊಂಡೇ ಲೆಕ್ಕ ಮಾಡುತ್ತಿದ್ದರು. ಕಂದಾಯ ಏರಿಸೋಣವೇ ಎಂದು ಮತಕ್ಕೆ ಹಾಕಿದರು. ನಮ್ಮ ಜನ ಬೇಡವೆಂದರು. ಅವರನ್ನು ಬೈಯುವುದು ಹೇಗೆ? ಆಗಲೇ ಅರ್ಧ ಬೀದಿ ಮನೆ ಬಿಟ್ಟು ಹೋಗಿತ್ತು. ಆ ವರ್ಷ, ತೊದಲುವ ಮಕ್ಕಳಿಗೆ ಮಾತು ತಿದ್ದುವ ಟೀಚರನ್ನು ತೆಗೆದರು.

ಜೊನೆಲ್ ತೊದಲುತ್ತಾಳೆ. ತರಗತಿಯಲ್ಲಿ ಅವಳು ಒಂದು ಮಾತು ಶುರು ಮಾಡಿದರೆ ಉಳಿದವರು ಮುಗಿಸುತ್ತಿದ್ದರು. ನಗುವುದಕ್ಕಾಗಿ ಮುಗಿಸುತ್ತಿದ್ದರು. ಆಮೇಲೆ ಟೀಚರು ಅವಳನ್ನು ಕೇಳುವುದನ್ನೇ ಬಿಟ್ಟರು. ಆಮೇಲೆ ಅವಳು ಮಾತು ಬಿಟ್ಟಳು. ಒಂದು ಇಡೀ ವರ್ಷ ನನ್ನ ಮಗಳು ತಲೆಯಾಡಿಸಿಕೊಂಡು ಬದುಕಿದಳು. ಹೌದಿಗೆ ಒಂದು ಥರ, ಇಲ್ಲಕ್ಕೆ ಒಂದು ಥರ.

ವಿಂಡ್‌ರಿಜ್ ಶಾಲೆಯಲ್ಲಿ ಇದಕ್ಕೇ ಒಬ್ಬ ಟೀಚರು ಇದ್ದಾಳೆ. ಮಿಸ್ ಅಬರ್ನಾಥಿ. ದಿನಾ ಬರುತ್ತಾಳೆ. ಮೊಣಕಾಲ ಮೇಲೆ ಬೆರಳು ಬಡಿದುಕೊಳ್ಳುತ್ತಾ, ಒಂದು ಬಡಿತಕ್ಕೆ ಒಂದು ತುಂಡು ಮಾತು ಹೊರಗೆ ಬಿಡುವುದನ್ನು ಜೊನೆಲ್‌ಗೆ ಕಲಿಸಿದಳು. ನನಗೂ ಒಂದು ಪಾಠ ಹೇಳಿದಳು. "ಅವಳ ಮಾತನ್ನ ನೀವು ಮುಗಿಸ್ಬೇಡಿ. ಎಷ್ಟು ಹೊತ್ತಾದ್ರೂ ಕಾಯಿರಿ." ಕಾದೆ. ಸೆಪ್ಟೆಂಬರಿನಿಂದ ಕಾದು ಕಾದು, ಈಗ ನನ್ನ ಮಗಳು ನನ್ನೊಡನೆ ಜಗಳಕ್ಕೆ ಬರುತ್ತಾಳೆ. ನಾನು ಮಾಡಿದ ಹುರುಳಿಕಾಯಿ ಸರಿಯಿಲ್ಲ ಎನ್ನುತ್ತಾಳೆ. ಅದನ್ನು ಹೇಳಲು ಅವಳಿಗೆ ಬಹಳ ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಹುರುಳಿಕಾಯಿ ಆರಿರುತ್ತದೆ. ನನಗೆ ಅದಕ್ಕಿಂತ ಇಂಪಾದದ್ದು ಬೇರೆ ಇಲ್ಲ.

ಶಾಲೆಗೆ ಕೊಟ್ಟ ವಿಳಾಸ ಮಿಸಸ್ ಓಲ್ಡಾಕರ್ ಅವರದು. ಅವರಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ನಾನು ಅವರನ್ನು ನೋಡಿಕೊಳ್ಳುತ್ತೇನೆ. ಬೆಳಕು ಹರಿಯುವ ಮೊದಲು ಬಂದು ಸಂಜೆ ಹೋಗುತ್ತೇನೆ. ರಾತ್ರಿ ಅವರು ಒಬ್ಬರೇ, ಒತ್ತಿದರೆ ಸಹಾಯಕ್ಕೆ ಕರೆ ಹೋಗುವ ಒಂದು ಗುಂಡಿಯನ್ನು ಕೊರಳಿಗೆ ಕಟ್ಟಿಕೊಂಡು. ರಾತ್ರಿಗೂ ನನ್ನನ್ನು ಇಟ್ಟುಕೊಳ್ಳಲು ಅವರ ಅಣ್ಣನ ಮಗ ಒಪ್ಪಲಿಲ್ಲ. ಖರ್ಚು ಹೆಚ್ಚಂತೆ. "ನನ್ನ ವಿಳಾಸ ಬರ್ಕೋ ಕಣೇ," ಎಂದು ಅವರೇ ಹೇಳಿದ್ದರು. "ಈ ಮನೇಲಿ ಒಂದು ಮಗು ಇದ್ದಂಗಾಗುತ್ತೆ."

ಒಳಗೆ ಹೋದೆ. ಹಾಸಿಗೆ ಒದ್ದೆಯಾಗಿತ್ತು. ಪ್ರತಿದಿನ ಒದ್ದೆಯಾಗಿರುತ್ತದೆ. ನಾನು ಅವರ ಕಂಕುಳಿಗೆ ಕೈ ಹಾಕಿ, ಮೊಣಕಾಲು ಮಂಚಕ್ಕೆ ಊರಿ, ಒಂದು ಬದಿಗೆ ಹೊರಳಿಸಿದೆ. ಬೆನ್ನಲ್ಲಿ ಏನೋ ಚಳಕ್ಕೆಂದಿತು. ಅದೂ ಪ್ರತಿದಿನದ್ದೇ.

ಬೀದಿ ದೀಪಗಳು ಆರಿದವು. ಬೂದು ಕಾರು ಬಂದು ಎದುರಿಗೆ ನಿಂತಿತು.

ಜೊನೆಲ್ ಚೀಲ ಹಾಕಿಕೊಂಡು ಮುಂಬಾಗಿಲು ತೆಗೆದು ಹೊರಗೆ ಹೋದಳು. ಆಕಳಿಸಿದಳು. ಸಿಂಹ ಆಕಳಿಸಿದ ಹಾಗೆ ಆಕಳಿಸಿದಳು. ನಾನು ಅವಳ ಹಿಂದೆಯೇ ಹೋದೆ.

ಅವನು ಕಾರಿನಿಂದ ಇಳಿದ. ದಪ್ಪ ಕತ್ತು, ಅಚ್ಚುಕಟ್ಟಾದ ಮೀಸೆ. ಹೆಸರು ಡನ್‌ಲೀವಿ ಎಂದ. ಮೊದಲು ಪೊಲೀಸಿನಲ್ಲಿದ್ದನಂತೆ. ಕೇಳದಿದ್ದರೂ ಹೇಳಿದ.

"ಏನ್ ಚಳಿ ಅಲ್ವಾ ಮೇಡಂ?"

"ಹೂಂ."

"ಗಾಡಿ ರಾತ್ರಿಯೆಲ್ಲ ಇಲ್ಲೇ ನಿಂತಿತ್ತಾ?"

"ಇಲ್ಲೇ."

ಅವನು ಕೈಗವಸು ತೆಗೆದು ಬಾನೆಟ್ ಮೇಲೆ ಅಂಗೈ ಇಟ್ಟ. ತಾಯಿ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

"ಜ್ವರ ಬಂದಂಗಿದೆ ಇದಕ್ಕೆ," ಎಂದ.

ಆಮೇಲೆ ಕಾರನ್ನು ಸುತ್ತು ಹಾಕಿದ. ನಾನು ಸುರಿದ ನೀರು ಗಾಜಿನ ಮೇಲೆ ಹರಿದು, ವೈಪರಿನ ತುದಿಯಲ್ಲಿ ಕೋಲು ಕೋಲಾಗಿ ಹೆಪ್ಪುಗಟ್ಟಿ ನಿಂತಿತ್ತು. ಪಕ್ಕದ ಕಿಟಕಿಗಳು ಸ್ವಚ್ಛವಾಗಿದ್ದವು. ಹಿಂದಿನ ಗಾಜೂ ಸ್ವಚ್ಛವಾಗಿತ್ತು. ಅವುಗಳಿಗೆ ಸುರಿಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಕಾರು ಓಡಿಸುವವರು ನೋಡುವುದು ಮುಂದಿನ ಗಾಜನ್ನು. ನಾನೂ ಅದನ್ನೇ ನೋಡಿದ್ದೆ.

"ಮುಂದಿನ ಗಾಜಿಗೆ ಮಾತ್ರ ಚಳಿಯಾಯ್ತಾ?" ಎಂದ. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಜೊನೆಲ್ ಕಡೆ ಬಗ್ಗಿದ. "ರಾತ್ರಿ ಎಲ್ಲಿ ಮಲಗಿದ್ದೆ ಪುಟ್ಟಿ?"

ಜೊನೆಲ್‌ಳ ಬೆರಳು ತೊಡೆಯ ಮೇಲೆ ಬಡಿಯತೊಡಗಿತು. ಈ ಸುಳ್ಳನ್ನು ನಾನೇ ಅವಳಿಗೆ ಕಲಿಸಿದ್ದೆ. ಮಿಸ್ ಅಬರ್ನಾಥಿ ಹೇಳಿಕೊಟ್ಟ ರೀತಿಯಲ್ಲೇ ಕೂತು ಅಭ್ಯಾಸ ಮಾಡಿಸಿದ್ದೆ. ಒಂದು ಬಡಿತಕ್ಕೆ ಒಂದು ತುಂಡು ಸುಳ್ಳು.

"ಮಿ... ಮಿಸಸ್ ಓ... ಓ..."

"ಓಲ್ಡಾಕರ್ ಮನೇಲಿ?" ಡನ್‌ಲೀವಿ ಮುಗಿಸಿದ.

ಅವಳು ತಲೆಯಾಡಿಸಿದಳು. ಎಷ್ಟೋ ತಿಂಗಳಿಂದ ನಾನು ಆ ತಲೆಯಾಟ ನೋಡಿರಲಿಲ್ಲ.

ಶಾಲೆಯ ಹಳದಿ ಬಸ್ಸು ಬಂತು. ಅವಳು ಹತ್ತಿದಳು. ಅವನು ತಡೆಯಲಿಲ್ಲ. "ಒಳಗೆ ನೋಡ್ಬಹುದಾ?" ಎಂದ. ಬೇಡವೆಂದರೆ ಏನಾಗುತ್ತದೆ ಎಂದು ಕೇಳಿದೆ. "ಬೇಡ ಅಂದ್ರು ಅಂತ ಬರ್ಕೋತೀನಿ," ಎಂದ.

ಮಿಸಸ್ ಓಲ್ಡಾಕರ್ ಮಂಚದ ಮೇಲೆ ಅರ್ಧ ಬಟ್ಟೆಯಲ್ಲಿದ್ದರು. ನಾನು ಅವರನ್ನು ಹಾಗೆಯೇ ಬಿಟ್ಟು ಹೊರಗೆ ಬಂದಿದ್ದೆ.

"ಯಾರಯ್ಯ ನೀನು?"

"ಶಾಲಾ ಮಂಡಳಿಯಿಂದ ಮೇಡಂ."

"ನಂಗೆ ಎಂಬತ್ತೆಂಟು. ಇನ್ನೂ ಕ್ಲಾಸಿಗೆ ಚಕ್ಕರ್ ಹೊಡೆದಿದ್ದಕ್ಕೆ ಹುಡುಕ್ತಿದೀರಾ?"

ಅವನು ಪಕ್ಕದ ಹೊಲಿಗೆ ಕೋಣೆಗೆ ಹೋದ. ನಾನು ಬಾಗಿಲು ಹಾಕಲು ಹೋದೆ. "ತೆಗೆದೇ ಇರ್ಲಿ. ನನ್ನ ಕಣ್ಣಿಗೆ ಕಾಣೋ ಹಂಗಿರಿ," ಎಂದ. ನಾನು ಅವನ ಕಣ್ಣಿಗೆ ಕಾಣುವ ಹಾಗೆ ಎಂಬತ್ತೆಂಟು ವರ್ಷದ ಹೆಂಗಸಿನ ತೊಡೆ ಒರೆಸಿದೆ. ಅವರು ಗೋಡೆ ಕಡೆ ಮುಖ ಮಾಡಿದರು. ಇಷ್ಟು ದಿನದಲ್ಲಿ ಅವರು ನನ್ನೆದುರು ಯಾವತ್ತೂ ಹಾಗೆ ಮುಖ ತಿರುಗಿಸಿರಲಿಲ್ಲ.

ಹೊಲಿಗೆ ಕೋಣೆಯಲ್ಲಿ ಜೊನೆಲ್‌ಗೆಂದು ಒಂದು ಮಂಚ ಹಾಕಿದ್ದೆ. ಡನ್‌ಲೀವಿ ಹೊದಿಕೆ ಎತ್ತಿದ. ದಿಂಬನ್ನು ಮೂಗಿಗೆ ಹಿಡಿದು ಮೂಸಿದ. ನನ್ನ ಮಗಳ ತಲೆಯ ವಾಸನೆ ಹುಡುಕಿದ. ಬಚ್ಚಲಿಗೆ ಹೋಗಿ ಅವಳ ಹಲ್ಲುಜ್ಜುವ ಬ್ರಷ್ಷಿನ ಮೇಲೆ ಹೆಬ್ಬೆರಳು ಆಡಿಸಿದ.

"ಒಣಗಿದೆ," ಎಂದ.

"ಅವಳು ಉಜ್ಜಲ್ಲ, ಗಲೀಜು ಹುಡುಗಿ," ಎಂದರು ಮಿಸಸ್ ಓಲ್ಡಾಕರ್ ಗೋಡೆಯ ಕಡೆಯಿಂದಲೇ. "ಕೇಳಯ್ಯ ಇಲ್ಲಿ. ಈ ಮನೆ ಕಂದಾಯ ಕಟ್ಟೋದು ನಾನು. ಮದುವೆಯಾದಾಗಿಂದ ಕಟ್ಟಿದೀನಿ. ನಂಗೆ ಮಕ್ಕಳಿಲ್ಲ. ನಾನು ಕೊಟ್ಟಿದ್ರಲ್ಲಿ ಒಂದು ಮಗು ಓದ್ಲಿ. ಆ ಮಗು ಇದೇ."

"ಹಂಗೆಲ್ಲ ಹಂಚೋಕಾಗಲ್ಲ ಮೇಡಂ. ನೀವು ಕಟ್ಟೋದು ಈ ಊರಿನ ಮಕ್ಕಳಿಗೆ."

"ನಿಮ್ಮ ಶಾಲೆ ಈಜುಕೊಳಕ್ಕೆ ಹಂಚಿದ್ರಲ್ಲ, ನನ್ನ ಕೇಳಿದ್ರಾ? ನನ್ನ ಗಂಡ ಮಹಾ ಜಿಪುಣ. ಶಾಲೆ ಕಂದಾಯ ಏರಿಸ್ತೀವಿ ಅಂದಾಗೆಲ್ಲ ಬೇಡ ಅಂತ ಓಟು ಹಾಕ್ದ. ಅದಕ್ಕೆ ಅವನ ಜೊತೆ ಜಗಳ ಆಡ್ತಿದ್ದೆ. ಇವತ್ತು ಅವನೇ ಸರಿ ಅನ್ನಿಸ್ತಿದೆ."

ಡನ್‌ಲೀವಿ ಹೋಗುವಾಗ ಬಾಗಿಲಲ್ಲಿ ನಿಂತ. ದನಿ ತಗ್ಗಿಸಿದ. "ನಾನೂ ಮಿಲ್‌ಸೈಡಲ್ಲೇ ಹುಟ್ಟಿದವನು. ಕಷ್ಟಪಟ್ಟೆ, ಇಲ್ಲಿ ಮನೆ ತಗೊಂಡೆ. ನೀವೂ ತಗೋಬಹುದು."

ನನ್ನ ಕೈಯಲ್ಲಿ ಒದ್ದೆ ಹಾಸಿಗೆ ಬಟ್ಟೆ ಇತ್ತು. ಅದನ್ನು ಅವನಿಗೆ ಕೊಟ್ಟುಬಿಡೋಣ ಅನ್ನಿಸಿತು. ಇದನ್ನು ಎಷ್ಟು ವರ್ಷ ಒಗೆದರೆ ಇಲ್ಲಿ ಮನೆ ಬರುತ್ತದೆ, ನೀನೇ ಹೇಳು ಎಂದು ಕೇಳೋಣ ಅನ್ನಿಸಿತು. ಬಾಗಿಲು ಹಾಕಿಕೊಂಡೆ.

ಎರಡು ದಿನ ಬಿಟ್ಟು ಶಾಲಾ ಮಂಡಳಿಯ ಕಚೇರಿಗೆ ಕರೆ ಬಂತು. ಮಗಳನ್ನೂ ಕರೆದುಕೊಂಡು ಬನ್ನಿ ಎಂದಿದ್ದರು. ಕಾರಿನಲ್ಲಿ ಜೊನೆಲ್ ಕೇಳಿದಳು.

"ಇವತ್ತು ನಾ... ನಾನು ಯಾರ ಮನೇಲಿ ಮಲಗಿದ್ದೆ?"

"ಏನೂ ಹೇಳ್ಬೇಡ ಇವತ್ತು. ಮಾತಾಡೋದು ನಾನು."

"ಸುಳ್ಳು ಹೇಳ್ಬೇಡ ಅಂತ ನೀ... ನೀನೇ ಬೈತೀಯ. ಆಮೇಲೆ ನೀನೇ ಪ್ರಾಕ್ಟೀಸ್ ಮಾಡಿಸ್ತೀಯ."

"ಮಾತು ಬಂದಿದ್ದು ಇದಕ್ಕೇನಾ ನಿಂಗೆ?"

"ಹೂಂ," ಎಂದಳು. ಅದನ್ನು ಹೇಳಲು ಅವಳಿಗೆ ಒಂದು ಚೂರೂ ಹೊತ್ತು ಹಿಡಿಯಲಿಲ್ಲ.

ಮುಖ್ಯಾಧಿಕಾರಿಯ ಹೆಸರು ಲಿಂಡ್‌ಹೋಮ್. ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಿದ್ದ. ತಾನೇ ಎದ್ದು ಕುರ್ಚಿ ಎಳೆದು ಕೊಟ್ಟ. ನನಗೆ ಕಾಫಿ, ಜೊನೆಲ್‌ಗೆ ಬಿಸಿ ಚಾಕಲೇಟ್ ತರಿಸಿದ. ಕೋಣೆ ಎಷ್ಟು ಬೆಚ್ಚಗಿತ್ತೆಂದರೆ ನಾನು ಕೋಟು ಬಿಚ್ಚಬೇಕಾಯಿತು. ಒಳಗೆ ಕೆಲಸದ ಬಟ್ಟೆ ಇತ್ತು. ಎದೆಯ ಮೇಲೆ ಗಂಜಿಯ ಕಲೆ. ಡನ್‌ಲೀವಿ ಗೋಡೆಗೆ ಒರಗಿ ನಿಂತಿದ್ದ.

"ಮಿಸ್ ಸ್ಕೇಫ್, ನಾನು ನೇರವಾಗಿ ಹೇಳ್ತೀನಿ," ಎಂದ ಲಿಂಡ್‌ಹೋಮ್. "ಸೆಪ್ಟೆಂಬರಿಂದ ಇಲ್ಲೀವರೆಗಿನ ಫೀಸು ನಿಮ್ಮಿಂದ ವಸೂಲಿ ಮಾಡ್ಬೇಕಾಗುತ್ತೆ. ಪೊಲೀಸಿಗೂ ದೂರು ಕೊಡ್ಬೇಕು. ಕಾನೂನಲ್ಲಿ ಇದಕ್ಕೆ ಕಳ್ಳತನ ಅಂತಾರೆ. ನನಗೆ ಆ ಮಾತು ಇಷ್ಟ ಇಲ್ಲ."

ಕಳ್ಳತನ ಎಂದು ಒಂದು ಸಲ ಬಿದ್ದರೆ, ರೋಗಿಗಳನ್ನು ನೋಡಿಕೊಳ್ಳುವ ನನ್ನ ಪರವಾನಗಿ ಹೋಗುತ್ತದೆ. ಅದು ಅವನಿಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದೂ ಗೊತ್ತಿತ್ತು.

"ಯಾರದ್ದು ಕದ್ದೆ ಸಾರ್?"

"ಇಲ್ಲಿ ಮನೆ ಇರೋರದ್ದು. ಅವರ ಕಂದಾಯದಿಂದ ಶಾಲೆ ನಡೀತಿದೆ."

"ಮನೆಯೋರದ್ದು ಮಾತ್ರಾನಾ? ಆ ದೊಡ್ಡ ಗೋದಾಮು ಇದೆಯಲ್ಲ, ನನ್ನ ತಮ್ಮ ಅಲ್ಲಿ ಡಬ್ಬ ಹೊರ್ತಾನೆ. ನಮ್ಮ ಬೀದಿ ಗಂಡಸರೆಲ್ಲ ಅಲ್ಲೇ ಹೊರೋದು. ಅದರ ಗೇಟು ನಮ್ಮ ರಸ್ತೆಗೆ. ಲಾರಿ ಓಡೋದು ನಮ್ಮ ರಸ್ತೇಲಿ. ಹೊಗೆ ನಮ್ಮ ಮಕ್ಕಳ ಮೂಗಿಗೆ. ಕಟ್ಟಡ ನಿಂತಿರೋ ನೆಲ ಮಾತ್ರ ನಿಮ್ಮ ಕಡೆ. ಕಂದಾಯ ಪೂರ್ತಿ ನಿಮಗೆ."

"ಆ ಗಡಿ ನಾನು ಹುಟ್ಟೋಕೆ ಮುಂಚಿಂದು."

"ನಾನು ಬಾಡಿಗೆ ಕೊಡ್ತೀನಿ. ಮನೆ ಮಾಲೀಕ ಅದರಲ್ಲೇ ಕಂದಾಯ ಕಟ್ತಾನೆ. ನಮ್ಮ ಕಡೆ ಕಂದಾಯದ ದರ ನಿಮ್ಮದಕ್ಕಿಂತ ಜಾಸ್ತಿ. ಗೊತ್ತಾ ನಿಮಗೆ?"

"ಗೊತ್ತು," ಎಂದ. "ಹೆಚ್ಚು ದರ, ಕಡಿಮೆ ಬೆಲೆಯ ಮನೆ. ಎಷ್ಟು ಹಿಂಡಿದ್ರೂ ಅಷ್ಟೇ ಬರೋದು. ನಾನು ಇದರ ಬಗ್ಗೆ ಭಾಷಣ ಮಾಡಿದೀನಿ ಮಿಸ್ ಸ್ಕೇಫ್. ಅನ್ಯಾಯ ಅಂತ ಹೇಳಿದೀನಿ."

ಅವನಿಗೆ ಎಲ್ಲ ಗೊತ್ತಿತ್ತು. ನಾನು ಎಸೆಯಬಹುದಾದ ಕಲ್ಲುಗಳನ್ನೆಲ್ಲ ಅವನು ಮೊದಲೇ ಎತ್ತಿ ತನ್ನ ಮೇಜಿನ ಮೇಲೆ ಜೋಡಿಸಿಟ್ಟುಕೊಂಡಿದ್ದ.

"ಒಂದು ದಾರಿ ಇದೆ," ಎಂದ. "ಮಾರ್ಚಿಯಲ್ಲಿ ಇಲ್ಲೂ ಕಂದಾಯ ಏರಿಸೋಕೆ ಮತದಾನ. ಜನ ಸಿಟ್ಟಾಗಿದಾರೆ. ಹೊರಗಿನೋರು ಬಂದು ಓದ್ತಾರೆ, ನಾವ್ಯಾಕೆ ಕೊಡ್ಬೇಕು ಅಂತಿದಾರೆ. ಏರಿಸದೇ ಇದ್ರೆ ನಾನೂ ಟೀಚರುಗಳನ್ನ ತೆಗೀಬೇಕು. ಯಾರನ್ನ ಮೊದಲು ತೆಗೀತಾರೆ ಅಂತ ನಿಮಗೆ ಗೊತ್ತಿದೆ."

ಗೊತ್ತಿತ್ತು.

"ಮಂಗಳವಾರ ಸಾರ್ವಜನಿಕ ಸಭೆ. ನೀವು ಎದ್ದು ನಿಂತು ಒಂದು ಮಾತು ಹೇಳಿ. ನನ್ನದಲ್ಲದ್ದನ್ನ ತಗೊಂಡೆ, ತಪ್ಪಾಯ್ತು, ಅಂತ. ನಾವು ಕಾವಲು ಕಾಯ್ತಿದೀವಿ ಅಂತ ಜನಕ್ಕೆ ಗೊತ್ತಾಗ್ಬೇಕು, ಅಷ್ಟೇ. ಫೀಸು ಬಿಡ್ತೀವಿ. ಪೊಲೀಸ್ ಇಲ್ಲ. ಜೊನೆಲ್ ಜೂನ್‌ವರೆಗೂ ಇಲ್ಲೇ ಓದ್ಲಿ."

ಜೂನ್. ಫೆಬ್ರವರಿ, ಮಾರ್ಚಿ, ಏಪ್ರಿಲ್, ಮೇ. ದಿನಾ ಮಿಸ್ ಅಬರ್ನಾಥಿ. ನಾನು ನನ್ನ ಕೈಗಳನ್ನು ನೋಡಿಕೊಂಡೆ. ಸೋಪು ತಿಂದ ಕೈಗಳು. ಈ ಕೈಗಳಿಂದ ನಾನು ಅಪರಿಚಿತರ ಮಲ ತೆಗೆದಿದ್ದೇನೆ. ಒಬ್ಬ ಮುದುಕ ನನ್ನನ್ನು ಹೇಳಬಾರದ ಹೆಸರಿಂದ ಕರೆಯುತ್ತಿದ್ದಾಗ ಅವನ ಬಾಯಿಗೆ ಚಮಚ ಇಟ್ಟಿದ್ದೇನೆ. ಅದರ ಮುಂದೆ ಒಂದು ಮಾತು ಯಾವ ಲೆಕ್ಕ?

"ಹೇಳ್ತೀನಿ," ಎಂದೆ.

ಜೊನೆಲ್ ಚಾಕಲೇಟ್ ಲೋಟ ಕೆಳಗಿಟ್ಟಳು.

ಲಿಂಡ್‌ಹೋಮ್ ಕುರ್ಚಿಗೆ ಒರಗಿದ. ಅವನಿಗೂ ನಿರಾಳವಾಗಿತ್ತು. "ಇನ್ನೊಂದು ಚಿಕ್ಕ ವಿಷಯ," ಎಂದ. "ನೀವು ಹೇಳಿದ ಮೇಲೆ ಜೊನೆಲ್ ಕೂಡ ಒಂದು ಮಾತು ಹೇಳ್ಲಿ. ನಂಗೆ ಮಾತು ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ವಿಂಡ್‌ರಿಜ್, ಅಂತ. ನಮ್ಮ ಕಂದಾಯ ಎಲ್ಲಿಗೆ ಹೋಗುತ್ತೆ ಅಂತ ಜನ ಕೇಳ್ತಾರೆ. ಕಿವಿಯಾರೆ ಕೇಳ್ಲಿ."

"ಅವಳು ಅಷ್ಟು ಜನರ ಮುಂದೆ..."

"ಸ್ವಲ್ಪ ತೊದಲಿದ್ರೂ ಪರವಾಗಿಲ್ಲ. ತೊದಲಿದ್ರೆ ಇನ್ನೂ ಒಳ್ಳೇದು."

ಗೋಡೆಯ ಹತ್ತಿರ ಡನ್‌ಲೀವಿ ತನ್ನ ಬೂಟು ನೋಡಿಕೊಂಡ.

ನಾನು ಏನಾದರೂ ಹೇಳಬೇಕಿತ್ತು. ಜೂನ್, ಜೂನ್ ಎಂದು ತಲೆಯೊಳಗೆ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಸಣ್ಣ ಸದ್ದು ಕೇಳಿಸಿತು. ಜೊನೆಲ್‌ಳ ಬೆರಳು. ಮೊಣಕಾಲ ಮೇಲೆ ಬಡಿಯುತ್ತಿತ್ತು. ನನ್ನ ವಿಧೇಯ ಮಗಳು ಅವನು ಹೇಳಿಕೊಟ್ಟ ಮಾತನ್ನು ತುಂಡು ಮಾಡಿ ಜೋಡಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ನನ್ನ ಕಣ್ಣು ಉರಿಯಿತು.

"ನಾ..." ಎಂದಳು. ನಿಂತಿತು. ಅವಳ ಕತ್ತಿನ ನರ ಎದ್ದಿತು. "ನಾ... ನಾ..."

"ನಾನು ಹೇಳ್ತೀನಿ, ಅಂತ," ಲಿಂಡ್‌ಹೋಮ್ ನಗುತ್ತಾ ಮುಗಿಸಿದ. "ಅಲ್ವಾ ಪುಟ್ಟಿ?"

ಅವಳು ತಲೆಯಾಡಿಸಲಿಲ್ಲ. ಹೌದಿಗೂ ಇಲ್ಲ, ಇಲ್ಲಕ್ಕೂ ಇಲ್ಲ. ಬೆರಳು ಮತ್ತೆ ಮೊದಲಿಂದ ಶುರುವಾಯಿತು.

"ಅಂದ್ರೆ ಅವಳು ಹೇಳೋದು..." ಅವನು ನನ್ನ ಕಡೆ ತಿರುಗಿದ.

"ಕಾಯಿರಿ," ಎಂದೆ.

"ಮಿಸ್ ಸ್ಕೇಫ್, ನನಗೆ ನಾಲ್ಕು ಗಂಟೆಗೆ..."

"ಅವಳ ಮಾತು ಮುಗಿಸ್ಬೇಡಿ. ನಿಮ್ಮ ಟೀಚರೇ ಹೇಳಿರೋದು. ಕಾಯಿರಿ."

ಅವನು ಕಾದ. ಡನ್‌ಲೀವಿಯೂ ಕಾದ. ಗೋಡೆಯೊಳಗೆ ಬಿಸಿನೀರಿನ ಕೊಳವೆ ಟಿಕ್ ಎಂದಿತು. ಜೊನೆಲ್‌ಳ ಗದ್ದ ನಡುಗುತ್ತಿತ್ತು. ಬೆರಳು ಬಡಿಯುತ್ತಲೇ ಇತ್ತು. ಕಿಟಕಿಯಾಚೆ ಮಕ್ಕಳು ಬಸ್ಸು ಹತ್ತುವ ಗದ್ದಲ ಎದ್ದು, ಅಡಗಿ, ಬಸ್ಸುಗಳು ಹೋದವು. ಲಿಂಡ್‌ಹೋಮ್ ಒಮ್ಮೆ ಬಾಯಿ ತೆರೆದು ಮುಚ್ಚಿದ. ಅವನು ಮೇಜಿನ ಅಂಚು ಹಿಡಿದುಕೊಂಡಿದ್ದ.

"ನಾನು," ಎಂದಳು ಜೊನೆಲ್. "ಹೇ... ಹೇಳಲ್ಲ."

ಉಸಿರು ಎಳೆದುಕೊಂಡಳು. ಮುಗಿದಿರಲಿಲ್ಲ. ನನ್ನ ಕಡೆ ನೋಡಿದಳು. ಅವಳ ಮುಖದ ಮೇಲೆ ನನ್ನ ಸಿಟ್ಟು ಇತ್ತು. ನಾನು ನುಂಗಿದ್ದ ಸಿಟ್ಟು.

"ಅಮ್ಮನೂ," ಎಂದಳು, ಬೆರಳು ಬಡಿಯುತ್ತಾ. "ಅಮ್ಮನೂ ಹೇ... ಹೇಳಲ್ಲ."